ಬ್ಯಾಟರಿಗೆ ಬಂದದ್ದೆಷ್ಟು, ಹೋದದ್ದೆಷ್ಟು?
ಕಾರಿನ ಚಾರ್ಜಿಂಗ್ ಮಾಪಕ ಮತ್ತು ಅದರ ಜೋಡಣೆ



ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕು, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು. ಈ ವಾಕ್ಯವನ್ನು ನೀವು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದೀರಿ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದೂ ಇದ್ದೀರಿ. ಪ್ರಯೋಗಶಾಲೆಯಲ್ಲಿ ಒಂದೆರಡು ಒಣಕೋಶಗಳನ್ನಿಟ್ಟು ಈ ನಿಯಮ ಮೀರಿದರೆ ಹೆಚ್ಚೆಂದರೆ ಮಾಪಕದ ಮುಳ್ಳು ಬಾಗೀತು, ಮೇಷ್ಟ್ರು ಗದರಿಯಾರು. ಆದರೆ ಇದೇ ನಿಯಮವನ್ನು ಕಾರಿನ ಬಾನೆಟ್ಟಿನ ಕೆಳಗೆ ಮೀರಿದರೆ ತಂತಿ ಕೆಂಪಗೆ ಕಾದು ಬೆಂಕಿ ಹತ್ತಿಕೊಳ್ಳಬಹುದು. ನಿಯಮ ಪಾಲಿಸಿಯೂ ಜಾಗ ತಪ್ಪಿದರೆ ಮಾಪಕ ಸುಳ್ಳು ಹೇಳಬಹುದು.

ಕಾರಿನ ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಇಲ್ಲವೇ ಎಂದು ತಿಳಿಸುವ ಮಾಪಕವನ್ನು ಎಲ್ಲಿ ಮತ್ತು ಹೇಗೆ ಜೋಡಿಸುತ್ತಾರೆ, ಏಕೆ ಹಾಗೆಯೇ ಜೋಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಪಕ್ಕದಲ್ಲಿ ಒಂದು ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ಓದುತ್ತಾ ಹೋದಂತೆ ಮಂಡಲದ ಚಿತ್ರವನ್ನು ನೀವೇ ಬರೆದುಕೊಂಡರೆ ವಿಷಯ ಚೆನ್ನಾಗಿ ಮನದಟ್ಟಾಗುತ್ತದೆ.

ಬ್ಯಾಟರಿಯ ಕೆಲಸವೇನು?

ಕಾರಿನ ದೀಪ, ಹಾರ್ನ್, ವೈಪರ್ ಎಲ್ಲವೂ ಬ್ಯಾಟರಿಯಿಂದ ನಡೆಯುತ್ತವೆ ಎಂದು ಹಲವರು ತಿಳಿದಿದ್ದಾರೆ. ಎಂಜಿನ್ ನಿಂತಿರುವಾಗ ಮಾತ್ರ ಇದು ನಿಜ. ಎಂಜಿನ್ ಓಡುತ್ತಿರುವಾಗ ವಿದ್ಯುತ್ತನ್ನು ಒದಗಿಸುವುದು ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುವ ಜನಕ. ಹಳೆಯ ಕಾರುಗಳಲ್ಲಿ ಇದು ಡೈನಮೋ ಆಗಿತ್ತು. ಈಗ ಎಲ್ಲ ಕಡೆ ಆಲ್ಟರ್ನೇಟರ್ ಬಂದಿದೆ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಪರ್ಯಾಯ ವಿದ್ಯುತ್ತು. ಅದರೊಳಗೇ ಇರುವ ಡಯೋಡುಗಳು ಅದನ್ನು ನೇರ ವಿದ್ಯುತ್ತಾಗಿ ಬದಲಿಸಿ ಹೊರಗೆ ಕಳಿಸುತ್ತವೆ. ರೆಗ್ಯುಲೇಟರ್ ಎಂಬ ಇನ್ನೊಂದು ಸಾಧನ ಅದರ ವೋಲ್ಟೇಜು ಮಿತಿ ಮೀರದಂತೆ ನೋಡಿಕೊಳ್ಳುತ್ತದೆ.

ಹಾಗಾದರೆ ಬ್ಯಾಟರಿ ಏಕೆ? ಎಂಜಿನ್ನನ್ನು ಚಾಲೂ ಮಾಡಲು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬರುವ ಮುಂಚೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುವುದೇ ರೂಢಿಯಾಗಿತ್ತು. ನಾವು ‘ಸೆಲ್ಫ್’ ಎಂದು ಕರೆಯುವ ಸ್ಟಾರ್ಟರ್ ಮೋಟಾರು ಕೆಲವೇ ಸೆಕೆಂಡು ಕೆಲಸ ಮಾಡಿದರೂ ಅಷ್ಟರಲ್ಲಿ 100ರಿಂದ 200 ಆಂಪಿಯರ್, ಕೆಲವೊಮ್ಮೆ ಇನ್ನೂ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ.

ಬ್ಯಾಟರಿಯನ್ನು ಮನೆಯ ಮೇಲಿನ ನೀರಿನ ತೊಟ್ಟಿಗೆ ಹೋಲಿಸಬಹುದು. ಆಲ್ಟರ್ನೇಟರು ಪಂಪಿನಂತೆ. ದೀಪ, ಫ್ಯಾನು, ವೈಪರುಗಳು ಮನೆಯ ನಲ್ಲಿಗಳಂತೆ. ಪಂಪು ನಡೆಯುತ್ತಿರುವಾಗ ನಲ್ಲಿಗಳಿಗೆ ಬೇಕಾದ ನೀರು ಪಂಪಿನಿಂದಲೇ ಹೋಗುತ್ತದೆ, ಮಿಕ್ಕದ್ದು ತೊಟ್ಟಿ ತುಂಬುತ್ತದೆ. ಪಂಪು ಕೆಟ್ಟರೆ ನಲ್ಲಿಯಲ್ಲಿ ತಕ್ಷಣ ಏನೂ ಗೊತ್ತಾಗುವುದಿಲ್ಲ. ತೊಟ್ಟಿ ಬರಿದಾದ ಮೇಲೆಯೇ ಗೊತ್ತಾಗುವುದು.

ಕಾರಿನಲ್ಲಿಯೂ ಹೀಗೆಯೇ. ರಾತ್ರಿ ಹೊತ್ತು ಚಾರ್ಮಾಡಿ ಘಾಟಿ ಇಳಿಯುವಾಗ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದು ಅದು ನಿಂತುಹೋಯಿತು ಎಂದಿಟ್ಟುಕೊಳ್ಳಿ. ಎಂಜಿನ್ ನಿಲ್ಲುವುದಿಲ್ಲ, ದೀಪಗಳೂ ಆರುವುದಿಲ್ಲ. ಎಲ್ಲ ಭಾರ ಬ್ಯಾಟರಿಯ ಮೇಲೆ ಬಿದ್ದಿರುತ್ತದೆ. ಹೆಡ್‌ಲೈಟು ಮಂಕಾಗತೊಡಗಿದಾಗ ಚಾಲಕನಿಗೆ ಸಂಶಯ ಬಂದರೂ, ಅಷ್ಟು ಹೊತ್ತಿಗೆ ಮತ್ತೆ ಸೆಲ್ಫ್ ಹೊಡೆಯುವ ಶಕ್ತಿ ಬ್ಯಾಟರಿಯಲ್ಲಿ ಉಳಿದಿರುವುದಿಲ್ಲ. ಮೊದಲ ನಿಮಿಷದಲ್ಲೇ ಅವನಿಗೆ ಸುದ್ದಿ ಮುಟ್ಟಿಸುವುದೇ ಚಾರ್ಜಿಂಗ್ ಮಾಪಕದ ಕೆಲಸ.

ಎರಡು ಮಾಪಕ, ಎರಡು ಪ್ರಶ್ನೆ

ಈ ಕೆಲಸಕ್ಕೆ ಎರಡು ಬಗೆಯ ಮಾಪಕಗಳಿವೆ. ಒಂದು ಅಮ್ಮೀಟರ್, ಇನ್ನೊಂದು ವೋಲ್ಟ್‌ಮೀಟರ್. ತೊಟ್ಟಿಯ ಹೋಲಿಕೆಯಲ್ಲಿ ಹೇಳುವುದಾದರೆ, ತೊಟ್ಟಿಯ ಪೈಪಿನಲ್ಲಿ ನೀರು ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ, ಎಷ್ಟು ರಭಸದಲ್ಲಿ ಎಂಬುದನ್ನು ಅಮ್ಮೀಟರ್ ಹೇಳುತ್ತದೆ. ನೀರಿನ ಒತ್ತಡ ಎಷ್ಟಿದೆ ಎಂಬುದನ್ನು ವೋಲ್ಟ್‌ಮೀಟರ್ ಹೇಳುತ್ತದೆ. ಪ್ರಶ್ನೆ ಬೇರೆಯಾದ್ದರಿಂದ ಜೋಡಿಸುವ ಜಾಗವೂ ಬೇರೆ.

ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಅಮ್ಮೀಟರಿಗೆ ತನ್ನದೇ ಸ್ಥಾನವಿತ್ತು. ಆ ಜೀಪಿನದು 6 ವೋಲ್ಟಿನ ವ್ಯವಸ್ಥೆ. ನಮ್ಮ ಹಳೆಯ ಬುಲೆಟ್ ಮೋಟಾರ್‌ಸೈಕಲ್ಲಿನ ಹೆಡ್‌ಲ್ಯಾಂಪ್ ಕವಚದ ಮೇಲೆ, ಸ್ಪೀಡೋಮೀಟರಿನ ಬಳಿ ಇರುವ ಪುಟ್ಟ ದುಂಡನೆಯ ಮಾಪಕವನ್ನು ನೀವು ನೋಡಿರಬಹುದು. ಅದೂ ಅಮ್ಮೀಟರೇ. ಅದರ ಮುಳ್ಳು ಸುಮ್ಮನಿರುವಾಗ ನಡುವೆ ಸೊನ್ನೆಯಲ್ಲಿ ನಿಂತಿರುತ್ತದೆ. ಒಂದು ಕಡೆ ಧನ, ಇನ್ನೊಂದು ಕಡೆ ಋಣ. ಸೊನ್ನೆ ನಡುವೆ ಏಕೆ? ಬ್ಯಾಟರಿಯ ತಂತಿಯಲ್ಲಿ ಪ್ರವಾಹ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಒಳಗೆ ಹರಿದರೆ ಚಾರ್ಜ್, ಹೊರಗೆ ಹರಿದರೆ ಡಿಸ್‌ಚಾರ್ಜ್.

ಇದರೊಳಗಿನ ತತ್ವವೂ ನಿಮಗೆ ತಿಳಿದದ್ದೇ. ಪ್ರವಾಹವಿರುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡುಹಿಡಿದ. ವಾಹನದ ಸರಳ ಅಮ್ಮೀಟರಿನಲ್ಲಿ ದಪ್ಪ ಲೋಹದ ಪಟ್ಟಿಯೊಂದರ ಮೂಲಕ ಪ್ರವಾಹ ಹರಿಯುತ್ತದೆ. ಅದರ ಕಾಂತಕ್ಷೇತ್ರ ಮುಳ್ಳನ್ನು ಒಂದು ಕಡೆಗೆ ತಿರುಗಿಸುತ್ತದೆ. ಪ್ರವಾಹದ ದಿಕ್ಕು ಬದಲಾದರೆ ಮುಳ್ಳೂ ಇನ್ನೊಂದು ಕಡೆಗೆ ತಿರುಗುತ್ತದೆ.

ಅಮ್ಮೀಟರಿಗೆ ಸರಿಯಾದ ಜಾಗ

ಈಗ ಚಿತ್ರ ಬರೆಯಿರಿ. ಹಾಳೆಯ ಎಡಗಡೆ ಬ್ಯಾಟರಿ, ಬಲಗಡೆ ಆಲ್ಟರ್ನೇಟರ್, ಕೆಳಗೆ ದೀಪ, ಇಗ್ನಿಷನ್, ವೈಪರ್ ಮುಂತಾದ ಎಲ್ಲ ಹೊರೆಗಳು. ಈ ಮೂರರಿಂದ ಬಂದ ಮೂರು ತಂತಿಗಳು ನಡುವೆ ಒಂದು ಬಿಂದುವಿನಲ್ಲಿ ಕೂಡಲಿ. ಇದನ್ನು ಸಂಧಿ ಎಂದು ಕರೆಯೋಣ. ಮೂರರ ಇನ್ನೊಂದು ತುದಿ ಕಾರಿನ ಬಾಡಿಗೆ, ಅಂದರೆ ಅರ್ಥ್‌ಗೆ ಸೇರಿರುತ್ತದೆ.

ಅಮ್ಮೀಟರ್ ಇರಬೇಕಾದದ್ದು ಬ್ಯಾಟರಿಯ ಧನಾಗ್ರ ಮತ್ತು ಸಂಧಿಯ ನಡುವೆ. ಆಲ್ಟರ್ನೇಟರಿನ ತಂತಿಯಲ್ಲೂ ಅಲ್ಲ, ಹೊರೆಗಳ ತಂತಿಯಲ್ಲೂ ಅಲ್ಲ. ಆಲ್ಟರ್ನೇಟರಿನ ತಂತಿಯಲ್ಲಿಟ್ಟರೆ ಅದು ಒಟ್ಟು ಉತ್ಪಾದನೆಯನ್ನು ತೋರಿಸುತ್ತದೆ. ಹೊರೆಯ ತಂತಿಯಲ್ಲಿಟ್ಟರೆ ಒಟ್ಟು ಖರ್ಚನ್ನು ತೋರಿಸುತ್ತದೆ. ನಮಗೆ ಬೇಕಾದದ್ದು ಉಳಿತಾಯ.

ಇದಕ್ಕೆ ಆಧಾರ ಕಿರ್ಕಾಫನ ನಿಯಮ. ಒಂದು ಸಂಧಿಗೆ ಬರುವ ಪ್ರವಾಹಗಳ ಮೊತ್ತ, ಅಲ್ಲಿಂದ ಹೋಗುವ ಪ್ರವಾಹಗಳ ಮೊತ್ತಕ್ಕೆ ಸಮ. ಜರ್ಮನಿಯ ಗುಸ್ತಾವ್ ಕಿರ್ಕಾಫ್ ಇದನ್ನು 1845ರಲ್ಲಿ, 21ರ ಹರೆಯದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ನಿರೂಪಿಸಿದ. ನಮ್ಮ ಮಂಡಲಕ್ಕೆ ಅನ್ವಯಿಸಿದರೆ ಹೀಗಾಗುತ್ತದೆ: ಬ್ಯಾಟರಿಗೆ ಹೋಗುವ ಪ್ರವಾಹ ಎಂದರೆ ಆಲ್ಟರ್ನೇಟರಿನ ಪ್ರವಾಹದಲ್ಲಿ ಹೊರೆಗಳ ಪ್ರವಾಹವನ್ನು ಕಳೆದದ್ದು.

ಕೆಲವು ಸಂದರ್ಭಗಳನ್ನು ಲೆಕ್ಕ ಹಾಕಿ ನೋಡೋಣ. 60 ವ್ಯಾಟಿನ ಎರಡು ಹೆಡ್‌ಲೈಟುಗಳು 12 ವೋಲ್ಟಿನಲ್ಲಿ ತಲಾ 5 ಆಂಪಿಯರಿನಂತೆ 10 ಆಂಪಿಯರ್ ತೆಗೆದುಕೊಳ್ಳುತ್ತವೆ. ಹಿಂದಿನ ದೀಪ ಮತ್ತಿತರ ಸಣ್ಣ ದೀಪಗಳಿಗೆ 2 ಆಂಪಿಯರ್ ಎನ್ನೋಣ.

ಒಂದು: ಎಂಜಿನ್ ನಿಂತಿದೆ, ದೀಪಗಳು ಉರಿಯುತ್ತಿವೆ. ಆಲ್ಟರ್ನೇಟರಿನಿಂದ ಬಂದದ್ದು ಸೊನ್ನೆ, ಖರ್ಚು 12. ಮುಳ್ಳು ಋಣ 12ರಲ್ಲಿ ನಿಲ್ಲುತ್ತದೆ.

ಎರಡು: ಈಗಷ್ಟೇ ಎಂಜಿನ್ ಚಾಲೂ ಆಗಿದೆ. ಆಲ್ಟರ್ನೇಟರ್ 25 ಆಂಪಿಯರ್ ಕೊಡುತ್ತಿದೆ, ಇಗ್ನಿಷನ್ ಸೇರಿ ಖರ್ಚು 15. ಮುಳ್ಳು ಧನ 10 ತೋರಿಸುತ್ತದೆ.

ಮೂರು: ಸ್ವಲ್ಪ ದೂರ ಓಡಿದ ಮೇಲೆ ಬ್ಯಾಟರಿ ತುಂಬಿದೆ. ಆಲ್ಟರ್ನೇಟರ್ ಈಗ ಕೊಡುವುದು 16, ಖರ್ಚು 15. ಮುಳ್ಳು ಸೊನ್ನೆಯ ಬಳಿ, ಧನದ ಕಡೆಗೆ ತುಸು ವಾಲಿ ನಿಲ್ಲುತ್ತದೆ. ಇದು ರೋಗವಲ್ಲ, ಆರೋಗ್ಯದ ಲಕ್ಷಣ.

ನಾಲ್ಕು: ಆಲ್ಟರ್ನೇಟರ್ ಕೆಟ್ಟಿದೆ. ವೈಪರೂ ಸೇರಿ ಖರ್ಚು 18. ಎಂಜಿನ್ ಓಡುತ್ತಿದ್ದರೂ ಮುಳ್ಳು ಋಣ 18ರಲ್ಲಿ ನಿಂತುಬಿಡುತ್ತದೆ. ಘಾಟಿಯ ಚಾಲಕನಿಗೆ ಮೊದಲ ನಿಮಿಷದಲ್ಲಿ ಸಿಗಬೇಕಾದ ಸುದ್ದಿ ಇದೇ. 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 18ರಿಂದ ಭಾಗಿಸಿದರೆ ಸುಮಾರು 2 ಗಂಟೆ ಬರುತ್ತದೆ. ಆದರೆ ಅಷ್ಟು ಹೊತ್ತನ್ನು ನಂಬುವಂತಿಲ್ಲ. 35 ಎಂಬ ಆ ಅಂಕಿ 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವಂಥದು. ಬೇಗ ಬೇಗ ಎಳೆದರೆ ಬ್ಯಾಟರಿ ಅದಕ್ಕಿಂತ ಕಡಿಮೆ ಕೊಡುತ್ತದೆ.

ಸೆಲ್ಫ್ ಹೊಡೆಯುವಾಗಿನ 150 ಆಂಪಿಯರ್ ಅಮ್ಮೀಟರಿನ ಮೂಲಕ ಹರಿದರೆ ಗತಿಯೇನು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕಾಗಿಯೇ ಸ್ಟಾರ್ಟರಿನ ದಪ್ಪ ಕೇಬಲ್ ಬ್ಯಾಟರಿಯಿಂದ ನೇರವಾಗಿ ಹೋಗುತ್ತದೆ. ಅಮ್ಮೀಟರಿನ ತಂತಿ ಅದರಿಂದ ಬೇರೆಯಾಗಿ ಕವಲೊಡೆಯುತ್ತದೆ. 30 ಅಥವಾ 60 ಆಂಪಿಯರ್ ಅಳೆಯುವ ಮಾಪಕಕ್ಕೆ ಆ ಹೊರೆ ಬೀಳುವುದೇ ಇಲ್ಲ. ಹಾಗೆ ನೋಡಿದರೆ ಸ್ಟಾರ್ಟರಿನ ಒಟ್ಟು ಖರ್ಚು ದೊಡ್ಡದೂ ಅಲ್ಲ. 150 ಆಂಪಿಯರ್ 4 ಸೆಕೆಂಡು ಹರಿದರೆ 600 ಕೂಲಮ್. 10 ಆಂಪಿಯರಿನಂತೆ ಚಾರ್ಜ್ ಮಾಡಿದರೆ ಒಂದು ನಿಮಿಷದಲ್ಲಿ ಅಷ್ಟು ಆವೇಶ ಹಿಂತಿರುಗುತ್ತದೆ. ನಷ್ಟಗಳನ್ನು ಸೇರಿಸಿಕೊಂಡರೂ ಕೆಲವೇ ನಿಮಿಷಗಳ ಮಾತು.

ಮಾಪಕ ಸುಳ್ಳು ಹೇಳುವುದು ಹೇಗೆ?

ಒಬ್ಬರು ಕಾರಿಗೆ ಹೆಚ್ಚಿನ ದೀಪಗಳನ್ನು ಹಾಕಿಸುತ್ತಾರೆ. ಕೆಲಸ ಸುಲಭವಾಗಲೆಂದು ಅದರ ತಂತಿಯನ್ನು ನೇರವಾಗಿ ಬ್ಯಾಟರಿಯ ಧನಾಗ್ರಕ್ಕೇ ಸಿಕ್ಕಿಸಲಾಗುತ್ತದೆ. ದೀಪಗಳೇನೋ ಉರಿಯುತ್ತವೆ. ಆದರೆ ನಿಮ್ಮ ಚಿತ್ರದಲ್ಲಿ ಈ ತಂತಿಯನ್ನು ಎಳೆದು ನೋಡಿ. ಆ ದೀಪಗಳ 10 ಆಂಪಿಯರ್ ಈಗ ಆಲ್ಟರ್ನೇಟರಿನಿಂದ ಸಂಧಿಗೆ ಬಂದು, ಅಮ್ಮೀಟರಿನ ಮೂಲಕ ಹಾದು, ಬ್ಯಾಟರಿಯ ಮೊಳೆಯವರೆಗೆ ಹೋಗಿ, ಅಲ್ಲಿಂದ ದೀಪಕ್ಕೆ ಹೋಗುತ್ತದೆ. ಮುಳ್ಳು ಧನ 10 ತೋರಿಸುತ್ತದೆ. ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗುತ್ತಿದೆ ಎಂದು ಚಾಲಕ ಸಂತೋಷಪಡುತ್ತಾನೆ. ನಿಜವಾಗಿ ಬ್ಯಾಟರಿಯೊಳಗೆ ಒಂದು ಆಂಪಿಯರೂ ಹೋಗುತ್ತಿಲ್ಲದಿರಬಹುದು! ಎಂಜಿನ್ ನಿಲ್ಲಿಸಿ ಆ ದೀಪ ಉರಿಸಿದರಂತೂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ, ಬ್ಯಾಟರಿ ಮಾತ್ರ ಬರಿದಾಗುತ್ತಿರುತ್ತದೆ.

ಇಲ್ಲಿ ಅಮ್ಮೀಟರ್ ಕೆಟ್ಟಿಲ್ಲ. ತನ್ನ ಮೂಲಕ ಹರಿದುದನ್ನು ಅದು ಸರಿಯಾಗಿಯೇ ಹೇಳಿದೆ. ಯಾವುದೇ ಮಾಪಕ ತಾನು ಕುಳಿತ ಜಾಗದ ಸುದ್ದಿಯನ್ನು ಮಾತ್ರ ಹೇಳಬಲ್ಲದು. ಆದ್ದರಿಂದ ಸ್ಟಾರ್ಟರ್ ಒಂದನ್ನು ಬಿಟ್ಟು ಹೊಸದಾಗಿ ಸೇರಿಸುವ ಪ್ರತಿಯೊಂದು ಹೊರೆಯನ್ನೂ ಫ್ಯೂಜಿನ ಮೂಲಕ ಸಂಧಿಯ ಕಡೆಯಿಂದಲೇ ಕೊಡಬೇಕು.

ತಂತಿ ಎಷ್ಟು ದಪ್ಪವಿರಬೇಕು?

ಸ್ಟಾರ್ಟರನ್ನು ಬಿಟ್ಟು ಬ್ಯಾಟರಿಯ ಎಲ್ಲ ಕೊಡುಕೊಳ್ಳುವಿಕೆಯೂ ಅಮ್ಮೀಟರಿನ ಮೂಲಕವೇ ನಡೆಯುವುದರಿಂದ ಅದರ ತಂತಿ ದಪ್ಪವಿರಬೇಕು. ಎಷ್ಟು? ಓಮನ ನಿಯಮವನ್ನೇ ಕೇಳೋಣ.

ಬಾನೆಟ್ಟಿನ ಕೆಳಗಿನಿಂದ ಡ್ಯಾಶ್‌ಬೋರ್ಡಿಗೆ ಹೋಗಿ ಹಿಂದಿರುಗಲು ಒಟ್ಟು 4 ಮೀಟರ್ ತಂತಿ ಬೇಕು ಎನ್ನೋಣ. 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಾದರೆ 4 ಮೀಟರಿನ ರೋಧ ಸುಮಾರು 0.0275 ಓಮ್. ನೋಡಲು ಅತ್ಯಲ್ಪ. ಆದರೆ 40 ಆಂಪಿಯರ್ ಹರಿದಾಗ 1.1 ವೋಲ್ಟ್ ಈ ತಂತಿಯಲ್ಲೇ ಇಳಿದುಹೋಗುತ್ತದೆ. ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಬ್ಯಾಟರಿಗೆ ತಲುಪುವುದು 13.1 ವೋಲ್ಟ್ ಮಾತ್ರ. ಜೊತೆಗೆ ತಂತಿಯಲ್ಲಿ ಹುಟ್ಟುವ ಶಾಖ 44 ವ್ಯಾಟ್. ಒಂದು ಬೆಸುಗೆ ಕಡ್ಡಿಯ ಶಾಖವನ್ನೂ ಮೀರಿದ ಬಿಸಿ ಕಾರಿನ ತಂತಿಗಳ ಕಟ್ಟಿನೊಳಗೆ! ಅದೇ 10 ಚದರ ಮಿಲಿಮೀಟರ್ ತಂತಿ ಹಾಕಿದರೆ ರೋಧ ಕಾಲುಭಾಗಕ್ಕೆ ಇಳಿಯುತ್ತದೆ. ವೋಲ್ಟೇಜಿನ ಇಳಿತ 0.28ಕ್ಕೂ, ಶಾಖ 11 ವ್ಯಾಟಿಗೂ ಇಳಿಯುತ್ತವೆ.

ಇದಕ್ಕಿಂತ ಅಪಾಯಕಾರಿಯಾದದ್ದು ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆ. ಅಲ್ಲಿ 0.05 ಓಮ್ ರೋಧ ಹುಟ್ಟಿಕೊಂಡರೆ 40 ಆಂಪಿಯರಿಗೆ 80 ವ್ಯಾಟ್ ಶಾಖ. ತಂತಿಯ ಶಾಖ 4 ಮೀಟರಿಗೆ ಹರಡಿಕೊಳ್ಳುತ್ತದೆ. ಇದು ಒಂದೇ ಬಿಂದುವಿನಲ್ಲಿ ಹುಟ್ಟಿ ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಇದು ಬರಿಯ ಲೆಕ್ಕವಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಅಳವಡಿಸಿತು. ಆ ಕಂಪನಿಯ 1960 ಮತ್ತು 70ರ ದಶಕಗಳ ಕಾರುಗಳಲ್ಲಿ ಚಾರ್ಜಿಂಗ್ ಪ್ರವಾಹವೆಲ್ಲ ಎಂಜಿನ್ನಿನ ಹಿಂದಿನ ಗೋಡೆಯಲ್ಲಿನ ಕನೆಕ್ಟರನ್ನು ದಾಟಿ ಡ್ಯಾಶ್‌ಬೋರ್ಡಿನ ಅಮ್ಮೀಟರಿಗೆ ಹೋಗಿ ಮತ್ತೆ ಹಿಂತಿರುಗುತ್ತಿತ್ತು. ಕಾರು ಹಳೆಯದಾದಂತೆ ಕನೆಕ್ಟರಿನ ಸಂಪರ್ಕಗಳು ಕಿಲುಬು ಹಿಡಿದು, ಬಿಸಿಯಾಗಿ, ಕರಗಿದ ಉದಾಹರಣೆಗಳು ಹೇರಳ. ಇಂದಿಗೂ ಆ ಕಾರುಗಳನ್ನು ಕಾಪಾಡಿಕೊಂಡು ಬಂದಿರುವ ಹವ್ಯಾಸಿಗಳು ಅನೇಕರು ಅಮ್ಮೀಟರನ್ನು ಬದಿಗಿಟ್ಟು, ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರ ದಪ್ಪ ತಂತಿ ಹಾಕಿಸುತ್ತಾರೆ.

ಡೈನಮೋ ಕಾಲದಲ್ಲಿ 20-22 ಆಂಪಿಯರಿಗೆ ಈ ತೊಂದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಆಲ್ಟರ್ನೇಟರುಗಳ ಸಾಮರ್ಥ್ಯ 40, 70, 100 ಆಂಪಿಯರ್ ಎಂದು ಏರುತ್ತ ಹೋದಾಗ ಅಷ್ಟನ್ನೂ ಚಾಲಕನ ಮೊಣಕಾಲ ಬಳಿಗೆ ತರುವುದು ಜಾಣತನವಲ್ಲ ಎಂದು ತಯಾರಕರಿಗೆ ಮನವರಿಕೆಯಾಯಿತು. ಅಮ್ಮೀಟರ್ ಹಿಂದೆ ಸರಿದು ವೋಲ್ಟ್‌ಮೀಟರ್ ಮುಂದೆ ಬಂದದ್ದಕ್ಕೆ ಇದೊಂದು ಮುಖ್ಯ ಕಾರಣ.

ಷಂಟ್: ಒಂದು ಜಾಣ ಉಪಾಯ

ಅಮ್ಮೀಟರೇ ಬೇಕೆಂದರೆ ಇನ್ನೊಂದು ದಾರಿ ಇದೆ. ಷಂಟ್ ಎಂಬ ಅತ್ಯಲ್ಪ ರೋಧದ ಲೋಹದ ಪಟ್ಟಿಯನ್ನು ಬಾನೆಟ್ಟಿನ ಕೆಳಗೆ, ಬ್ಯಾಟರಿಯ ದಪ್ಪ ತಂತಿಯಲ್ಲೇ ಸರಣಿಯಲ್ಲಿ ಜೋಡಿಸುತ್ತಾರೆ. 60 ಆಂಪಿಯರಿಗೆ 75 ಮಿಲಿವೋಲ್ಟ್ ಎಂದು ಗುರುತು ಮಾಡಿದ ಷಂಟಿನ ರೋಧ 0.00125 ಓಮ್. ಪೂರ್ಣ ಪ್ರವಾಹ ಹರಿದಾಗಲೂ ಅದರ ಶಾಖ 4.5 ವ್ಯಾಟ್ ಮಾತ್ರ. ಈ ಪಟ್ಟಿಯ ಎರಡು ತುದಿಗಳಿಂದ ಎರಡು ಸಣ್ಣ ತಂತಿಗಳು, ತಲಾ ಒಂದು ಫ್ಯೂಜಿನೊಂದಿಗೆ, ಡ್ಯಾಶ್‌ಬೋರ್ಡಿನ ಮಾಪಕಕ್ಕೆ ಹೋಗುತ್ತವೆ. ಆ ಮಾಪಕ ಅಳೆಯುವುದು ಮಿಲಿವೋಲ್ಟುಗಳನ್ನು. ಅದರ ಮುಖದ ಮೇಲೆ ಬರೆದಿರುವುದು ಆಂಪಿಯರುಗಳನ್ನು. ಅಂದರೆ ಸರಣಿಯಲ್ಲಿ ಒಂದು ಪಟ್ಟಿ, ಅದಕ್ಕೆ ಸಮಾಂತರವಾಗಿ ಒಂದು ಸೂಕ್ಷ್ಮ ಮಾಪಕ. ಗ್ಯಾಲ್ವನೋಮೀಟರನ್ನು ಅಮ್ಮೀಟರಾಗಿ ಪರಿವರ್ತಿಸುವ ಪಾಠದಲ್ಲಿ ಪಿಯುಸಿ ವಿದ್ಯಾರ್ಥಿಗಳು ಕಲಿಯುವುದು ಇದನ್ನೇ.

ವೋಲ್ಟ್‌ಮೀಟರಿನ ಜೋಡಣೆ

ವೋಲ್ಟ್‌ಮೀಟರಿನ ರೋಧ ಹೆಚ್ಚು. 5,000 ಓಮ್ ರೋಧವಿದ್ದರೆ 14 ವೋಲ್ಟಿಗೆ ಅದರಲ್ಲಿ ಹರಿಯುವುದು 2.8 ಮಿಲಿಆಂಪಿಯರ್. ಆದ್ದರಿಂದ ಸಣ್ಣ ತಂತಿ ಸಾಕು, ಬೇರೆ ಯಾವ ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಮಾಪಕದ ಧನ ತುದಿಯನ್ನು ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಒಂದು ಬಿಂದುವಿಗೆ, 1 ಆಂಪಿಯರ್ ಫ್ಯೂಜಿನ ಮೂಲಕ ಜೋಡಿಸಬೇಕು. ಋಣ ತುದಿಯನ್ನು ಬಾಡಿಯ ಬಣ್ಣ ಕೆರೆದ, ಶುದ್ಧ ಲೋಹ ಕಾಣುವ ಜಾಗಕ್ಕೆ ಬಿಗಿಯಬೇಕು. ಕೀಲಿಯ ಮೂಲಕ ಏಕೆಂದರೆ, ಕಾರು ತಿಂಗಳುಗಟ್ಟಲೆ ನಿಂತಿದ್ದಾಗ ಮಾಪಕವೇ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯಬಾರದು.

ಇಲ್ಲಿಯೂ ಜಾಗದ ಮಾತು ಬರುತ್ತದೆ. ಹೀಟರಿಗೋ ವೈಪರಿಗೋ ಹೋಗುವ ತಂತಿಯ ತುದಿಯಿಂದ ಕವಲು ತೆಗೆದರೆ, ಆ ತಂತಿಯಲ್ಲಿ ಆಗುವ ಇಳಿತವೂ ಸೇರಿ ಮಾಪಕ ಅರ್ಧ ವೋಲ್ಟ್ ಕಡಿಮೆ ತೋರಿಸಬಹುದು. ಹೊರೆ ಕಡಿಮೆ ಇರುವ, ಫ್ಯೂಜ್ ಪೆಟ್ಟಿಗೆಗೆ ಹತ್ತಿರವಾದ ಬಿಂದು ಒಳ್ಳೆಯದು.

12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಮುಳ್ಳು ಹೇಳುವುದನ್ನು ಹೀಗೆ ಓದಬೇಕು:

ಎಂಜಿನ್ ಚಾಲೂ ಮಾಡುವ ಮುನ್ನ 12.6 ಅಥವಾ ತುಸು ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಸುಮಾರು ಅರ್ಧ. 11.8ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ.

ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗೆ ಇಳಿದು ಮತ್ತೆ ಏರುವುದು ಸಹಜ. 9ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಕೇಬಲ್ ಸಡಿಲವಾಗಿದೆ.

ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಎಲ್ಲ ಸರಿ. 12.5ರಿಂದ ಮೇಲೇರದೆ ದಿನೇ ದಿನೇ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. 15ನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಕುದಿದಂತೆ ಗುಳ್ಳೆಯೇಳುತ್ತದೆ, ಬಲ್ಬುಗಳು ಸುಡುತ್ತವೆ.

ಬ್ಯಾಟರಿ ಹೀಗೆ ಅತಿಯಾಗಿ ಚಾರ್ಜ್ ಆಗುತ್ತಿದೆ ಎಂಬುದನ್ನು ಅಮ್ಮೀಟರ್ ಸ್ಪಷ್ಟವಾಗಿ ಹೇಳಲಾರದು. ಅದರಲ್ಲಿ ಧನ 10 ಕಂಡರೆ, ಖಾಲಿ ಬ್ಯಾಟರಿ ತುಂಬುತ್ತಿದೆಯೋ, ತುಂಬಿದ ಬ್ಯಾಟರಿ ಬೇಯುತ್ತಿದೆಯೋ ಎಂದು ತಿಳಿಯಲು ಬಹಳ ಹೊತ್ತು ಕಾಯಬೇಕು.

ಎರಡನ್ನೂ ಅದಲುಬದಲು ಮಾಡಿದರೆ?

ವೋಲ್ಟ್‌ಮೀಟರನ್ನು ಸರಣಿಯಲ್ಲಿ ಜೋಡಿಸಿದರೆ 5,000 ಓಮ್ ದಾರಿಗೆ ಅಡ್ಡ ನಿಲ್ಲುತ್ತದೆ. ಎರಡೋ ಮೂರೋ ಮಿಲಿಆಂಪಿಯರ್ ಮಾತ್ರ ಹರಿದು ಯಾವ ದೀಪವೂ ಉರಿಯುವುದಿಲ್ಲ. ಸುಡುವುದಂತೂ ಏನೂ ಇಲ್ಲ.

ಅಮ್ಮೀಟರನ್ನು ಬ್ಯಾಟರಿಯ ಎರಡು ಅಗ್ರಗಳಿಗೆ ಸಮಾಂತರವಾಗಿ ಜೋಡಿಸಿದರೆ ಕಥೆ ಬೇರೆ. ಅದು ಬರಿಯ ತಂತಿಯಿಂದ ಎರಡು ಅಗ್ರಗಳನ್ನು ಸೇರಿಸಿದಂತೆಯೇ. ನೂರಾರು ಆಂಪಿಯರ್ ಹರಿದು ಮಾಪಕವೂ ತಂತಿಯೂ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಕಿಡಿ ತಗುಲಿದರೆ ಬ್ಯಾಟರಿಯೇ ಸಿಡಿದು ಆಮ್ಲ ಚಿಮ್ಮಬಹುದು. ಒಂದು ಅಂಕದ ಆ ಪ್ರಶ್ನೆಯ ತೂಕ ಇದು.

ಕೆಂಪು ದೀಪವನ್ನು ಕೀಳಬೇಡಿ

ಬಹುಪಾಲು ಕಾರುಗಳಲ್ಲಿ ಮಾಪಕದ ಬದಲು ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಮಾತ್ರ ಇರುತ್ತದೆ. ಈ ದೀಪದ ಒಂದು ತುದಿ ಇಗ್ನಿಷನ್ನಿಗೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ ಸೇರಿರುತ್ತದೆ. ಎರಡೂ ಕಡೆ ವೋಲ್ಟೇಜು ಸಮನಾದಾಗ ವಿಭವಾಂತರವಿಲ್ಲದೆ ದೀಪ ಆರುತ್ತದೆ. ಚಾರ್ಜ್ ಪೂರ್ತಿ ನಿಂತರೆ ದೀಪ ಉರಿಯುತ್ತದೆ. ಚಾರ್ಜು ಕಡಿಮೆ ಇದ್ದರೂ, ಹೆಚ್ಚಾದರೂ ಹಲವು ಕಾರುಗಳಲ್ಲಿ ಅದು ಸುಮ್ಮನಿದ್ದುಬಿಡುತ್ತದೆ. ಆದ್ದರಿಂದಲೇ ಮಾಪಕ ಬೇಕೆನ್ನಿಸುವುದು.

ಮಾಪಕ ಬಂತಲ್ಲ, ದೀಪವೇಕೆ ಎಂದು ಅದನ್ನು ಕಿತ್ತುಹಾಕಬಾರದು. ಅನೇಕ ಆಲ್ಟರ್ನೇಟರುಗಳಲ್ಲಿ ಆರಂಭದ ಕಾಂತಕ್ಷೇತ್ರವನ್ನು ಹುಟ್ಟಿಸುವ ಪ್ರವಾಹ ಈ ದೀಪದ ಮೂಲಕವೇ ಹೋಗುತ್ತದೆ. ದೀಪ ಕಿತ್ತರೆ ಆಲ್ಟರ್ನೇಟರ್ ಎಚ್ಚರಗೊಳ್ಳದೇ ಹೋಗಬಹುದು.

ಕೆಲಸದ ಕ್ರಮ

ನೀವು ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮಾಡುವಾಗ ಪಕ್ಕದಲ್ಲಿ ನಿಂತು ಈ ಅಂಶಗಳನ್ನು ಗಮನಿಸಿ.

1. ಉಂಗುರ, ವಾಚು, ಲೋಹದ ಬಳೆ ತೆಗೆದಿಡಬೇಕು. ಬ್ಯಾಟರಿಯ ಬಳಿ ಬೆಂಕಿ ಸಲ್ಲದು.

2. ಮೊದಲು ಬಿಚ್ಚಬೇಕಾದದ್ದು ಬಾಡಿಗೆ ಸೇರಿದ ಕೇಬಲ್, ಅಂದರೆ ಸಾಮಾನ್ಯವಾಗಿ ಋಣಾಗ್ರದ್ದು. ಧನಾಗ್ರವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಬಾಡಿಯ ಕೇಬಲ್ ಬಿಚ್ಚಿದ ಮೇಲೆ ಆ ಭಯವಿಲ್ಲ. 1960ರ ದಶಕದ ನಡುವಿನವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವೇ ಬಾಡಿಗೆ ಸೇರಿರುತ್ತಿತ್ತು. ಹಳೆಯ ಕಾರಾದರೆ ಇದನ್ನು ಮೊದಲು ನೋಡಿಕೊಳ್ಳಬೇಕು.

3. ಮನೆಯ ವೈರಿಂಗಿನ ಒಂದೇ ಎಳೆಯ ಗಟ್ಟಿ ತಂತಿ ಇಲ್ಲಿ ಬೇಡ. ಕಾರಿನ ಅದುರುವಿಕೆಗೆ ಅದು ಮುರಿಯುತ್ತದೆ. ಹಲವು ಎಳೆಗಳ ವಾಹನದ ತಂತಿಯನ್ನೇ ಬಳಸಬೇಕು.

4. ತಂತಿಯ ತುದಿಗೆ ಉಂಗುರದಂಥ ಲಗ್ ಒತ್ತಿ, ನಟ್ ಬಿಗಿಯಬೇಕು. ಸುಮ್ಮನೆ ಸುತ್ತಿ ಟೇಪ್ ಅಂಟಿಸುವುದು ಸರಿಯಲ್ಲ. ಎಂಜಿನ್ ಓಡುವಾಗ ಅಮ್ಮೀಟರಿನ ತಂತಿ ಕಳಚಿದರೆ ಆಲ್ಟರ್ನೇಟರಿಗೆ ಬ್ಯಾಟರಿಯ ಸಂಪರ್ಕ ತಪ್ಪಿ, ವೋಲ್ಟೇಜು ಒಮ್ಮೆಲೇ ಏರಿ ಡಯೋಡುಗಳು ಹಾಳಾಗಬಹುದು.

5. ತಗಡಿನ ಗೋಡೆಯ ರಂಧ್ರದಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಗ್ರಾಮೆಟ್ ಇರಲೇಬೇಕು. ಇಲ್ಲದಿದ್ದರೆ ತಗಡಿನ ಅಂಚು ಅವಾಹಕ ಹೊದಿಕೆಯನ್ನು ಕೊಯ್ದುಹಾಕುತ್ತದೆ.

6. ಫ್ಯೂಜನ್ನು ವಿದ್ಯುತ್ ಹೊರಡುವ ತುದಿಯ ಬಳಿಯೇ ಹಾಕಬೇಕು. ಫ್ಯೂಜ್ ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ.

7. ಬಾಡಿಯ ಕೇಬಲನ್ನು ಕಡೆಯಲ್ಲಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಹೆಡ್‌ಲೈಟ್ ಹಾಕಬೇಕು. ಅಮ್ಮೀಟರಿನ ಮುಳ್ಳು ಋಣದ ಕಡೆ ಹೋದರೆ ಜೋಡಣೆ ಸರಿ. ಧನದ ಕಡೆ ಹೋದರೆ ಮತ್ತೆ ಬ್ಯಾಟರಿ ಬಿಚ್ಚಿ ಮಾಪಕದ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು.

ಇಂದಿನ ಕಾರುಗಳಲ್ಲಿ

ಈಗಿನ ಹಲವು ಕಾರುಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಇಂಧನ ಉಳಿಸಲು ಒಮ್ಮೆ 12.5ಕ್ಕೆ ಇಳಿಸುತ್ತದೆ, ಬ್ರೇಕ್ ಒತ್ತಿದಾಗ 15ರ ಹತ್ತಿರಕ್ಕೆ ಏರಿಸುತ್ತದೆ. ಹಾಗಾಗಿ ಹಳೆಯ ಅಂಕಿಗಳನ್ನು ಹಿಡಿದು ಇವುಗಳ ಆರೋಗ್ಯವನ್ನು ಅಳೆಯಲಾಗದು. ಇಂಥ ಕಾರಿನ ತಂತಿಗಳನ್ನು ಕತ್ತರಿಸಿ ಅಮ್ಮೀಟರ್ ಹಾಕುವುದೂ ಸಲ್ಲದು.

ಆದರೆ ಅಮ್ಮೀಟರ್ ಕಣ್ಮರೆಯಾಗಿದೆ ಎಂದುಕೊಳ್ಳಬೇಡಿ. ಬ್ಯಾಟರಿಯ ಋಣಾಗ್ರದ ಮೇಲೆ ಕುಳಿತ ಪುಟ್ಟ ಸಂವೇದಕದೊಳಗೆ ಅದು ಸೇರಿಕೊಂಡಿದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಲೆಕ್ಕವಿಟ್ಟು ಕಂಪ್ಯೂಟರಿಗೆ ವರದಿ ಮಾಡುತ್ತಿರುತ್ತದೆ. ಹೊಸ ದೀಪದ ಅಥವಾ ಆಂಪ್ಲಿಫೈಯರಿನ ಅರ್ಥ್ ತಂತಿಯನ್ನು ಯಾರಾದರೂ ಸಂವೇದಕವನ್ನು ದಾಟಿ ನೇರ ಋಣಾಗ್ರದ ಮೊಳೆಗೇ ಸಿಕ್ಕಿಸಿದರೆ ಅದರ ಲೆಕ್ಕವೂ ತಪ್ಪುತ್ತದೆ. ಅರ್ಥನ್ನು ಬಾಡಿಗೆ ಕೊಡಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿಯೇ. ಮಾಪಕ ಬದಲಾದರೂ ಕಿರ್ಕಾಫನ ನಿಯಮ ಬದಲಾಗಿಲ್ಲ.

ಮಾಡಿ ನೋಡಿ

ಕಾರಿಲ್ಲದೆಯೇ ಇದನ್ನು ಪ್ರಯೋಗಶಾಲೆಯಲ್ಲಿ ಮಾಡಬಹುದು. ಪುನಃ ಚಾರ್ಜ್ ಮಾಡಬಹುದಾದ 1.2 ವೋಲ್ಟಿನ ಒಂದು ಕೋಶ ‘ಬ್ಯಾಟರಿ’ ಆಗಲಿ. ಎರಡು ಒಣಕೋಶಗಳ ಸರಣಿ, ಅದರೊಂದಿಗೆ ಸರಣಿಯಲ್ಲಿ 10 ಓಮಿನ ರೋಧಕ ಮತ್ತು ಒಂದು ಸ್ವಿಚ್ ‘ಆಲ್ಟರ್ನೇಟರ್’ ಆಗಲಿ. ಒಂದು ಸಣ್ಣ ಟಾರ್ಚ್ ಬಲ್ಬು ಮತ್ತು ಅದರ ಸ್ವಿಚ್ಚು ಹೊರೆ. ಮೂರರ ಧನ ತಂತಿಗಳನ್ನು ಒಂದು ಸಂಧಿಗೆ ತಂದು, ಕೋಶ ಮತ್ತು ಸಂಧಿಯ ನಡುವೆ ನಡುಸೊನ್ನೆಯ ಮಿಲಿಅಮ್ಮೀಟರ್ ಜೋಡಿಸಿ. ಬಲ್ಬು ಮಾತ್ರ ಉರಿಯುವಾಗ, ‘ಆಲ್ಟರ್ನೇಟರ್’ ಮಾತ್ರ ಇರುವಾಗ, ಎರಡೂ ಇರುವಾಗ ಮುಳ್ಳು ಎತ್ತ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮಾಪಕವನ್ನು ಉಳಿದ ಎರಡು ತಂತಿಗಳಲ್ಲೂ ಇಟ್ಟು ಅಳೆಯಿರಿ. ಮೂರು ಅಂಕಿಗಳು ಕಿರ್ಕಾಫನ ನಿಯಮಕ್ಕೆ ಹೊಂದುತ್ತವೆಯೇ ನೋಡಿ. ಅಳತೆ ಮುಗಿದೊಡನೆ ಸ್ವಿಚ್ಚುಗಳನ್ನು ಆರಿಸಿ.

ಯೋಚಿಸಿ ಉತ್ತರಿಸಿ

1. ಎಂಜಿನ್ ಓಡುತ್ತಿದೆ, ಅಮ್ಮೀಟರ್ ಸೊನ್ನೆ ತೋರಿಸುತ್ತಿದೆ. ಹೆಡ್‌ಲೈಟ್ ಹಾಕಿದೊಡನೆ ಕ್ಷಣಕಾಲ ಋಣಕ್ಕೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಆಲ್ಟರ್ನೇಟರ್ ಸರಿಯಾಗಿದೆಯೇ?

2. ಓಡುತ್ತಿರುವ ಕಾರಿನ ಅಮ್ಮೀಟರ್ ಎರಡು ಗಂಟೆಗಳಿಂದ ಧನ 20 ತೋರಿಸುತ್ತಿದೆ. ಕಾರಣವನ್ನು ಖಚಿತಪಡಿಸಿಕೊಳ್ಳಲು ವೋಲ್ಟ್‌ಮೀಟರಿನಲ್ಲಿ ನೀವು ಏನನ್ನು ನೋಡುವಿರಿ?

3. ಕಾರು ನಿಂತಿದೆ, ಕೀಲಿ ಕಿತ್ತಿದೆ. ಅಮ್ಮೀಟರ್ ಸೊನ್ನೆಯಲ್ಲಿದೆ. ಆದರೂ ಪ್ರತಿದಿನ ಬೆಳಿಗ್ಗೆ ಬ್ಯಾಟರಿ ಡೌನ್ ಆಗಿರುತ್ತದೆ. ನಿಮ್ಮ ಚಿತ್ರದ ಯಾವ ಭಾಗದಲ್ಲಿ ಸೋರಿಕೆಯನ್ನು ಹುಡುಕುವಿರಿ?